ಬಾಗಿಲು ದಾಟಿದ ಮೇಲೆ

1957ರ ಸೆಪ್ಟೆಂಬರ್ 4ರ ಆ ಫೋಟೋವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅಮೆರಿಕದ ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್ ಊರು. ತಾನೇ ಹೊಲಿದುಕೊಂಡ ಉಡುಪು ತೊಟ್ಟು, ನೋಟ್‌ಬುಕ್ಕನ್ನು ಎದೆಗವಚಿಕೊಂಡು ನಡೆಯುತ್ತಿರುವ ಎಲಿಜಬೆತ್ ಎಕ್‌ಫರ್ಡ್; ಅವಳ ಬೆನ್ನ ಹಿಂದೆ ಬಾಯಿ ದೊಡ್ಡದು ಮಾಡಿ ಕಿರುಚುತ್ತಿರುವ ಬಿಳಿಯ ಹುಡುಗಿ ಹೇಜಲ್ ಬ್ರಯನ್. ಇಬ್ಬರಿಗೂ ವಯಸ್ಸು 15. ಶಾಲೆಗೆ ಆಯ್ಕೆಯಾಗಿದ್ದ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಒಟ್ಟಾಗಿ ಹೋಗುವುದೆಂದು ಹಿಂದಿನ ರಾತ್ರಿ ತೀರ್ಮಾನವಾಗಿತ್ತು. ಎಲಿಜಬೆತ್ ಮನೆಯಲ್ಲಿ ಫೋನಿರಲಿಲ್ಲ, ಒಬ್ಬಳೇ ಬಂದಳು.

1954ರ ಸುಪ್ರೀಂ ಕೋರ್ಟ್ ತೀರ್ಪು, ಮಕ್ಕಳನ್ನು ತಡೆದ ಗವರ್ನರ್ ಫಾಬಸ್, ಸೈನ್ಯ ಕಳಿಸಿದ ಅಧ್ಯಕ್ಷ ಐಸೆನ್‌ಹೋವರ್: ಇತಿಹಾಸ ಹೇಳುವವರು ಸಾಮಾನ್ಯವಾಗಿ ಶಾಲೆಯ ಬಾಗಿಲಲ್ಲೇ ಕತೆ ಮುಗಿಸುತ್ತಾರೆ. ನನಗೆ ಮುಖ್ಯವೆನಿಸುವುದು ಒಳಗೆ ಕಳೆದ ಆ ವರ್ಷ.

ಸೆಪ್ಟೆಂಬರ್ 25ರಂದು ಸೈನಿಕರ ಕಾವಲಿನಲ್ಲಿ ಒಂಬತ್ತೂ ಮಂದಿ ಸೆಂಟ್ರಲ್ ಹೈಸ್ಕೂಲಿನೊಳಗೆ ಹೋದರು. ಅಲ್ಲಿದ್ದ ಬಿಳಿಯ ವಿದ್ಯಾರ್ಥಿಗಳು ಸುಮಾರು 1,900. ಸೈನಿಕರು ಕಾರಿಡಾರಿನವರೆಗೆ ಜೊತೆಗಿರುತ್ತಿದ್ದರು; ತರಗತಿಗೆ, ಶೌಚಾಲಯಕ್ಕೆ ಕಾವಲಿಲ್ಲ. ಮೆಟ್ಟಿಲ ಮೇಲೆ ನೂಕುವುದು, ಉಗುಳುವುದು ದಿನದ ಪಾಡಾಯಿತು.

ಆ ವಯಸ್ಸಿಗೆ ಶಾಲೆಯೆಂದರೆ ಪಾಠವಷ್ಟೇ ಅಲ್ಲವಲ್ಲ; ಆಟ, ಹಾಡು, ಊಟಕ್ಕೆ ಯಾರ ಪಕ್ಕ ಕೂರುವುದು ಎಂಬುದೂ ಶಾಲೆಯೇ. ಈ ಒಂಬತ್ತು ಮಂದಿಗೆ ಪಠ್ಯೇತರ ಚಟುವಟಿಕೆಗಳು ನಿಷಿದ್ಧ. ಹಾಡುವ ಆಸೆಯಿದ್ದ ಮಿನಿಜೀನ್ ಬ್ರೌನ್‌ಗೂ ಅಷ್ಟೇ. ಡಿಸೆಂಬರಿನಲ್ಲಿ ಒಂದು ದಿನ ಶಾಲೆಯ ಊಟದ ಮನೆಯಲ್ಲಿ ಹುಡುಗರು ಅವಳ ದಾರಿಗೆ ಕುರ್ಚಿ ತಳ್ಳಿದರು. ಅವಳ ತಟ್ಟೆಯಲ್ಲಿದ್ದ ಸಾರು ಅವರ ಮೇಲೆ ಬಿತ್ತು. ಒಂದು ಕ್ಷಣ ನಿಶ್ಶಬ್ದ, ಆಮೇಲೆ ಅಲ್ಲಿ ಕೆಲಸಕ್ಕಿದ್ದ ಕಪ್ಪು ಜನರ ಚಪ್ಪಾಳೆ ಎಂದು ಜೊತೆಗಿದ್ದ ಅರ್ನೆಸ್ಟ್ ಗ್ರೀನ್ ಮುಂದೆ ಹೇಳಿಕೊಂಡಿದ್ದಾರೆ. ಮಿನಿಜೀನ್ ಅಮಾನತಾದಳು. ಫೆಬ್ರವರಿಯಲ್ಲಿ, ಕಾಡಿದವಳೊಬ್ಬಳಿಗೆ ತಿರುಗಿ ಬೈದದ್ದಕ್ಕೆ ಶಾಲೆಯಿಂದಲೇ ಹೊರಬಿದ್ದಳು. ತಾಳ್ಮೆಯೂ ಒಂದು ಪರೀಕ್ಷೆ, ಅದನ್ನು ಬರೆಯಬೇಕಾದವರು ಒಂಬತ್ತೇ ಮಂದಿ!

1958ರ ಮೇ ತಿಂಗಳಲ್ಲಿ ಗ್ರೀನ್ ಪದವಿ ಪತ್ರ ಪಡೆದಾಗ ಮಾರ್ಟಿನ್ ಲೂಥರ್ ಕಿಂಗ್ ಸಭೆಯಲ್ಲಿದ್ದರು. ಹೆಸರು ಕರೆದಾಗ ಮಾತ್ರ ಚಪ್ಪಾಳೆ ಬೀಳಲಿಲ್ಲ. ಮುಂದಿನ ವರ್ಷ ಫಾಬಸ್ ಊರಿನ ಹೈಸ್ಕೂಲುಗಳನ್ನೇ ಮುಚ್ಚಿಸಿದ. ಬಿಳಿಯ ಮಕ್ಕಳೂ ಶಾಲೆಯಿಲ್ಲದೆ ಕೂತರು.

1959ರಲ್ಲಿ ಮತ್ತೆ ತೆರೆದಾಗ ಒಂಬತ್ತರಲ್ಲಿ ಕಿರಿಯಳಾದ ಕಾರ್ಲೊಟಾ ವಾಲ್ಸ್ ಮರಳಿದಳು. 1960ರ ಫೆಬ್ರವರಿಯ ಒಂದು ರಾತ್ರಿ ಅವಳ ಮನೆಯಲ್ಲಿ ಬಾಂಬ್ ಸ್ಫೋಟಿಸಿತು. ಬೆಳಗಾದ ಮೇಲೆ ಅವಳು ಶಾಲೆಗೆ ಹೊರಟಳು.