ಟೀಚರಮ್ಮ ಮುಚ್ಚಿಟ್ಟ ಊರು

ಪುಣೆಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಗ ಅಹಮದ್‌ನಗರಕ್ಕೆ, ಅಂದರೆ ಇಂದಿನ ಅಹಿಲ್ಯಾನಗರಕ್ಕೆ, ಇನ್‌ಸ್ಪೆಕ್ಷನ್‌ಗೆಂದು ಎಷ್ಟೋ ಸಲ ಹೋಗಿ ಬಂದಿದ್ದೇನೆ. ಬಸ್ಸಿನಲ್ಲಿ ಸುಮಾರು 120 ಕಿಲೋಮೀಟರ್. ಲೆಡ್ಜರ್ ನೋಡಿ ವಾಪಸ್ಸು ಬರುವುದಷ್ಟೇ ಕೆಲಸ. ಅದೇ ಊರಿನಲ್ಲಿ ಹುಟ್ಟಿದ ಹೆಂಗಸೊಬ್ಬಳು ಮಗನನ್ನು ಕರಕೊಂಡು ಸಯಾಮಿನ ಅರಮನೆಗೆ ಇಂಗ್ಲಿಷ್ ಕಲಿಸಲು ಹೋಗಿದ್ದಳು ಅನ್ನುವುದು ನನಗೆ ತಿಳಿದದ್ದು ನಿವೃತ್ತಿಯ ನಂತರವೇ.

ಆಕೆ ಆನಾ ಲಿಯನೋವೆನ್ಸ್. 1956ರ ‘ದಿ ಕಿಂಗ್ ಅಂಡ್ ಐ’ ಸಿನಿಮಾ ನೋಡಿದವರಿಗೆ ಹೆಸರು ನೆನಪಿರಬಹುದು. ಹುಟ್ಟಿದ್ದು 1831ರಲ್ಲಿ. ತಂದೆ ಸೈನ್ಯದಲ್ಲಿ ಸಾರ್ಜೆಂಟ್. ಮಗಳು ಹುಟ್ಟುವ ಮೊದಲೇ ತೀರಿಕೊಂಡರು. 1849ರ ಕ್ರಿಸ್‌ಮಸ್ ದಿನ ಪುಣೆಯಲ್ಲಿ ಥಾಮಸ್ ಓವೆನ್ಸ್ ಎಂಬ ಗುಮಾಸ್ತನೊಡನೆ ಮದುವೆ. ಹೊಟ್ಟೆಪಾಡಿಗಾಗಿ ಆಸ್ಟ್ರೇಲಿಯಾಕ್ಕೆ, ಅಲ್ಲಿಂದ ಪಿನಾಂಗಿಗೆ ಅಲೆದರು. 1859ರಲ್ಲಿ ಗಂಡ ಅಲ್ಲೇ ತೀರಿಹೋದ. ಕೈಯಲ್ಲಿ ಎರಡು ಚಿಕ್ಕ ಮಕ್ಕಳು. ಸಿಂಗಪುರದಲ್ಲಿ ಒಂದು ಶಾಲೆ ತೆರೆದಳು, ಅದರಿಂದ ಖರ್ಚೂ ಹುಟ್ಟಲಿಲ್ಲ.

ಆ ಹೊತ್ತಿಗೆ ಸಯಾಮಿನ ದೊರೆ ಮೊಂಗ್‌ಕುಟ್ ತನ್ನ ರಾಣಿಯರಿಗೂ ಮಕ್ಕಳಿಗೂ ಇಂಗ್ಲಿಷ್ ಕಲಿಸುವವರನ್ನು ಹುಡುಕುತ್ತಿದ್ದ. ಹಿಂದೆ ಪಾದ್ರಿಗಳ ಹೆಂಡಂದಿರು ಪಾಠದ ಜೊತೆಗೆ ಧರ್ಮವನ್ನೂ ಹೇಳಿಕೊಡಹೋಗಿದ್ದರು. ಹಾಗಾಗಿ ಭಾಷೆ ಕಲಿಸಿ, ಮತಾಂತರ ಬೇಡ ಎಂದು ಈ ಸಲ ಆತ ಮೊದಲೇ ಹೇಳಿದ. 1862ರಲ್ಲಿ ಆನಾ ಒಪ್ಪಿಕೊಂಡಳು. ಮಗಳು ಏವಿಸ್‌ಳನ್ನು ಇಂಗ್ಲೆಂಡಿನ ಶಾಲೆಗೆ ಕಳಿಸಿ, ಮಗ ಲೂಯಿಯೊಡನೆ ಬ್ಯಾಂಕಾಕಿನಲ್ಲಿ ಇಳಿದಳು. ಕುಟುಂಬ ಸಾಕಲು ಹೊರಟವಳು ಮೊದಲು ಕುಟುಂಬವನ್ನೇ ಎರಡು ಭಾಗ ಮಾಡಬೇಕಾಯಿತು ನೋಡಿ. ಟ್ರಾನ್ಸ್‌ಫರ್ ಆರ್ಡರ್ ಕೈಗೆ ಬಂದಾಗ ಮಕ್ಕಳ ಶಾಲೆಯ ಲೆಕ್ಕ ಹಾಕಿದವರಿಗೆ ಇದು ಅರ್ಥವಾಗುತ್ತದೆ.

ಐದು ವರ್ಷ ಅಲ್ಲಿದ್ದು 1867ರಲ್ಲಿ ಹೊರಟಳು. ಆಕೆಯ ಶಿಷ್ಯ ಚುಲಾಲಾಂಗ್‌ಕಾರ್ನ್ ಮರುವರ್ಷವೇ ರಾಜನಾದ. 1870ರಲ್ಲಿ ಆಕೆ ತನ್ನ ಅರಮನೆಯ ದಿನಗಳನ್ನು ಕುರಿತು ಪುಸ್ತಕ ಬರೆದು ಹೆಸರು ಮಾಡಿದಳು. ಆದರೆ ತಾನು ವೇಲ್ಸ್‌ನಲ್ಲಿ ಹುಟ್ಟಿದವಳು, 1834ರಲ್ಲಿ, ಗಂಡ ಸೈನ್ಯಾಧಿಕಾರಿ ಎಂದೇ ಜನರನ್ನು ನಂಬಿಸಿದಳು. ಭಾರತದಲ್ಲಿದ್ದ ಸ್ವಂತ ಅಕ್ಕನ ಸಂಬಂಧವನ್ನೂ ಕಡಿದುಕೊಂಡಳು. 1915ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸಾಯುವವರೆಗೂ ಈ ಕಥೆ ಬಿಡಲಿಲ್ಲ. ಬ್ರಿಸ್ಟೋ ಎಂಬ ಸಂಶೋಧಕರು ದಾಖಲೆ ಹುಡುಕಿ ನಿಜ ಹೊರಗೆ ತಂದದ್ದು 1970ರ ದಶಕದಲ್ಲಿ.

ಸುಳ್ಳುಗಾತಿ ಅಂದುಬಿಡುವುದು ಸುಲಭ. ಆದರೆ ದಂಡಿನ ಬ್ಯಾರಕ್ಕಿನಲ್ಲಿ ಬೆಳೆದ, ತಾಯಿಯ ಕಡೆಯಿಂದ ಭಾರತೀಯ ರಕ್ತವೂ ಇದ್ದಿರಬಹುದಾದ ವಿಧವೆಯನ್ನು ಆ ಕಾಲದಲ್ಲಿ ‘ಇಂಗ್ಲಿಷ್ ಲೇಡಿ’ ಎಂದು ಯಾರು ನಂಬುತ್ತಿದ್ದರು? ಅವಳ ಬಂಡವಾಳ ಅಂದರೆ ಇಂಗ್ಲಿಷು. ಅದಕ್ಕೆ ಬೆಲೆ ಬರಬೇಕಾದರೆ ಊರೂ ಅದಕ್ಕೆ ತಕ್ಕಂತೆ ಇರಬೇಕಿತ್ತು.

ಪುಣೆಗೆ ಹೋದ ಹೊಸದರಲ್ಲಿ ಮನೆ ಬಾಡಿಗೆಗೆ ಕೇಳಹೋದಾಗ, ‘ಮದ್ರಾಸಿಯಾ?’ ಅಂದರು ಒಬ್ಬರು. ನಾನು ಸುಮ್ಮನೆ ತಲೆಯಾಡಿಸಿದ್ದೆ. ವಾದ ಮಾಡಿದರೆ ಮನೆ ತಪ್ಪೀತು ಎಂಬ ಭಯ, ಅಷ್ಟೇ. ಪಕ್ಕದಲ್ಲಿ ನಿಂತಿದ್ದ ನನ್ನ ಮಗಳು ‘ಅಲ್ಲ, ನಾವು ಧಾರವಾಡದೋರು’ ಅಂದಳು. ಮನೆಯೇನೋ ಸಿಕ್ಕಿತು. ಆನಾಳ ಕಥೆ ಓದಿದಾಗಲೆಲ್ಲ ಮಗಳ ಆ ಮಾತೇ ನನಗೆ ಮೊದಲು ನೆನಪಾಗುತ್ತದೆ.