ಪಹಣಿಯ ಕಡತದಿಂದ ಡಿಸ್ಕುಗಳ ಸಾಲಿಗೆ

ಸಕ್ರೆಬೈಲು ಎಂದೊಡನೆ ನಿಮಗೆ ನೆನಪಾಗುವುದು ತುಂಗೆಯ ಹಿನ್ನೀರಿನ ದಡದ ಆನೆ ಬಿಡಾರ. ಆ ಸೀಮೆಯಲ್ಲಿ ಅಡಿಕೆ, ಭತ್ತ ಬೆಳೆಯುವ ರೈತರೂ ಇದ್ದಾರೆ. ಬೆಳೆಸಾಲಕ್ಕೆ ಹೋದರೆ ಅವರಿಂದ ಬ್ಯಾಂಕು ಕೇಳುವುದು ಪಹಣಿಯನ್ನು. ಈ ಒಂದು ಹಾಳೆಯನ್ನು ಕಾಪಾಡಿಕೊಂಡು ಬಂದ ಬಗೆಗೆ ಒಂದು ಇತಿಹಾಸವಿದೆ.

ಹಿಂದೆ ಜಮೀನಿನ ಲೆಕ್ಕ ಶಾನುಭೋಗರ ಕಡತದಲ್ಲಿತ್ತು. ವಂಶಪಾರಂಪರ್ಯದ ಆ ಹುದ್ದೆಯನ್ನು 1961ರ ಕಾಯ್ದೆ ರದ್ದುಪಡಿಸಿತು. ಕಡತ ಗ್ರಾಮಲೆಕ್ಕಿಗರ ಕೈಗೆ ಬಂದಿತು. 2000ದ ಆಸುಪಾಸಿನಲ್ಲಿ ಕರ್ನಾಟಕದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಅಂದರೆ, ಡಿಸ್ಕಿನಲ್ಲಿರುವುದೇ ಮೂಲ ಕಡತವಾಯಿತು. ಡಿಸ್ಕು ಕೆಟ್ಟರೆ ರೈತನ ಗತಿಯೇನು?

ಈ ಪ್ರಶ್ನೆಗೆ ಒಂದು ಉತ್ತರ ಅದಕ್ಕೂ ಮೊದಲೇ ದೊರೆತಿತ್ತು. 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಎಂಬ ಮೂವರು, ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಜೋಡಿಸಬಹುದೆಂದು ತೋರಿಸಿದರು. ಇದೇ ‘ರೇಡ್’. ಇದರ ತತ್ವ ಸರಳವಾದುದು. ಒಂದು ಡಿಸ್ಕಿನಲ್ಲಿ 7, ಇನ್ನೊಂದರಲ್ಲಿ 5, ಮೂರನೆಯದರಲ್ಲಿ ಅವುಗಳ ಮೊತ್ತ 12 ಇದೆಯೆನ್ನಿ. ಮೊದಲನೆಯದು ಕೆಟ್ಟರೂ 12ರಿಂದ 5 ಕಳೆದು 7ನ್ನು ಮರಳಿ ಪಡೆಯಬಹುದು. ಆದರೆ ಪ್ರತಿ ತಿದ್ದುಪಡಿಗೂ ಮೊತ್ತವನ್ನು ತಿದ್ದಲೇಬೇಕು. ಖಾತೆ ಬದಲಾವಣೆಯಂಥ ಸಣ್ಣ ಸಣ್ಣ ಬರವಣಿಗೆ ಹೆಚ್ಚಿರುವಲ್ಲಿ ಇದು ನಿಧಾನ. ಅಲ್ಲಿ ಪ್ರತಿ ಡಿಸ್ಕಿಗೂ ಒಂದು ಪಡಿಯಚ್ಚನ್ನು ಇಡುವುದೇ ಮೇಲು.

ಈ ಡಿಸ್ಕುಗಳನ್ನು ನಡೆಸುವ ಯಂತ್ರಭಾಗವೇ ಕಂಟ್ರೋಲರ್. ಅದು ಬರೆಯಬೇಕಾದುದನ್ನು ಮೊದಲು ತನ್ನ ನೆನಪಿನಲ್ಲಿ ಹಿಡಿದಿಟ್ಟು, ಬಳಿಕ ಡಿಸ್ಕಿಗೆ ದಾಟಿಸಬಲ್ಲದು. ಆ ನಡುವೆ ಕರೆಂಟು ಹೋದರೆ? ಮಲೆನಾಡಿನ ಮಳೆಗಾಲ ಕಂಡ ನಿಮಗೆ ಇದನ್ನು ವಿವರಿಸಬೇಕಿಲ್ಲ. ಆದುದರಿಂದ ಆ ನೆನಪಿಗೆ ಬ್ಯಾಟರಿಯ ಆಸರೆ ಇದೆಯೇ ಎಂದು ಮೊದಲು ನೋಡಬೇಕು.

ಮುಂದೆ ತಿರುಗುವ ತಟ್ಟೆಗಳಿಲ್ಲದ ಘನಸ್ಥಿತಿ ಡಿಸ್ಕುಗಳು, ಅಂದರೆ ಎಸ್‌ಎಸ್‌ಡಿಗಳು ಬಂದವು. ತಿರುಗುವ ಡಿಸ್ಕು ಚದುರಿದ ದಾಖಲೆಗಳನ್ನು ಸೆಕೆಂಡಿಗೆ ಕೆಲವು ನೂರರಷ್ಟು ಹುಡುಕಿದರೆ, ಇವು ಸಾವಿರ ಸಾವಿರ ಹುಡುಕುತ್ತವೆ. ಆದರೆ ಬರೆದಷ್ಟೂ ಇವುಗಳ ಕೋಶಗಳು ಸವೆಯುತ್ತವೆ. ಆದುದರಿಂದ ವೇಗದ ಜೊತೆಗೆ ಎಷ್ಟು ಬರವಣಿಗೆಯನ್ನು ತಾಳಬಲ್ಲದು, ಕರೆಂಟು ಹೋದ ಕ್ಷಣದಲ್ಲಿ ಕೈಯಲ್ಲಿದ್ದುದನ್ನು ಬರೆದು ಮುಗಿಸಬಲ್ಲದೇ ಎಂಬುದನ್ನೂ ವಿಚಾರಿಸಬೇಕು.

2019ರಲ್ಲಿ ಎಚ್‌ಪಿಇ ಕಂಪೆನಿ ತನ್ನ ಕೆಲವು ಎಸ್‌ಎಸ್‌ಡಿಗಳ ಬಗ್ಗೆ ಎಚ್ಚರಿಕೆ ನೀಡಿತು. ಒಳಗಿನ ತಂತ್ರಾಂಶದ ದೋಷದಿಂದ, ಸರಿಯಾಗಿ 32,768 ಗಂಟೆ ಓಡಿದ ಬಳಿಕ ಅವು ನಿಂತುಹೋಗುವಂತಿದ್ದವು. ಒಂದೇ ದಿನ ಜೋಡಿಸಿದ ಡಿಸ್ಕುಗಳಾದರೆ ಎಲ್ಲವೂ ಒಟ್ಟಿಗೇ ಕೆಡುವ ಅಪಾಯ! ಆಗ ಮೂಲವೂ ಇಲ್ಲ, ಪಡಿಯಚ್ಚೂ ಇಲ್ಲ.

ವಿದ್ಯಾರ್ಥಿ ಮಿತ್ರರೇ, ರೇಡ್ ಕಾಪಾಡುವುದು ಡಿಸ್ಕಿನ ಸಾವಿನಿಂದ ಮಾತ್ರ. ಯಾರೋ ತಪ್ಪಾಗಿ ಅಳಿಸಿದ ಹೆಸರನ್ನು ಅದು ಪಡಿಯಚ್ಚಿನಲ್ಲಿಯೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಬೇರೊಂದು ಊರಿನಲ್ಲಿ ಬೇರೆಯಾಗಿ ಇಟ್ಟ ಪ್ರತಿ, ಆ ಪ್ರತಿಯನ್ನು ಆಗಾಗ ತೆರೆದು ನೋಡುವ ಶಿಸ್ತು, ಇವೆರಡೂ ಇದ್ದಾಗಲೇ ರೈತನ ಪಹಣಿ ಭದ್ರ.