ಕಡಲಿಲ್ಲದವರ ದೋಣಿಯಾಟ

2023ರ ಅಕ್ಟೋಬರ್ 3. ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್. ಪುರುಷರ ಕನೋಯಿಂಗ್, ಒಂದು ದೋಣಿಯಲ್ಲಿ ಇಬ್ಬರು, ದೂರ 1000 ಮೀಟರ್. ಭಾರತದ ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಸಲಾಂ 3 ನಿಮಿಷ 53 ಸೆಕೆಂಡು ಚಿಲ್ಲರೆಯಲ್ಲಿ ಗೆರೆ ದಾಟಿ ಕಂಚು ಗೆದ್ದರು. ಅದೇ ದಿನ ಪಾರುಲ್ ಚೌಧರಿ ಓಟದಲ್ಲಿ, ಅನ್ನು ರಾಣಿ ಜಾವೆಲಿನ್‌ನಲ್ಲಿ ಚಿನ್ನ ಗೆದ್ದಿದ್ದರಿಂದ ಈ ಕಂಚು ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ.

ಬೀಳಬೇಕಿತ್ತು. ಈ ಆಟದಲ್ಲಿ ಏಷ್ಯನ್ ಗೇಮ್ಸ್ ಪದಕ ನಮಗೆ ಬಂದದ್ದು ಅದಕ್ಕೂ ಮುಂಚೆ ಒಂದೇ ಸಲ. 1994ರ ಹಿರೋಶಿಮಾದಲ್ಲಿ ಸಿಜಿ ಸದಾನಂದನ್ ಮತ್ತು ಜಾನಿ ರೊಮೆಲ್ ಇದೇ ಸ್ಪರ್ಧೆಯಲ್ಲಿ ಇದೇ ಕಂಚು ಗೆದ್ದಿದ್ದರು. ನಡುವೆ 29 ವರ್ಷ ಏನೂ ಇಲ್ಲ. ನಮ್ಮ ಐಟಿ ಆಫೀಸಿನ ಸ್ಪ್ರಿಂಟ್ ಎರಡು ವಾರಕ್ಕೆ ಮುಗಿಯುತ್ತೆ, ಇವರ ಸ್ಪ್ರಿಂಟ್ ನಾಲ್ಕು ನಿಮಿಷಕ್ಕೆ. ಆದರೆ ಎರಡನೇ ಪದಕಕ್ಕೆ ಒಂದು ತಲೆಮಾರೇ ಕಾಯಬೇಕಾಯ್ತು.

ನನಗೆ ಅದಕ್ಕಿಂತ ಸೋಜಿಗ ಅನ್ನಿಸಿದ್ದು ಹಾಂಗ್‌ಝೌನಲ್ಲಿ ಮೊದಲ ಎರಡು ಸ್ಥಾನ ಯಾರದ್ದು ಅನ್ನೋದು. ಚಿನ್ನ ಉಜ್ಬೇಕಿಸ್ತಾನಕ್ಕೆ, ಬೆಳ್ಳಿ ಕಜಾಕಿಸ್ತಾನಕ್ಕೆ. ಮ್ಯಾಪ್ ತೆಗೆದು ನೋಡಿ. ಉಜ್ಬೇಕಿಸ್ತಾನಕ್ಕೆ ಕಡಲಿಲ್ಲ, ಅದರ ಅಕ್ಕಪಕ್ಕದ ದೇಶಗಳಿಗೂ ಸಾಗರದ ದಾರಿಯಿಲ್ಲ. ಕಜಾಕಿಸ್ತಾನಕ್ಕಿರುವ ಕ್ಯಾಸ್ಪಿಯನ್ ಸಮುದ್ರ ನಾಲ್ಕೂ ಕಡೆ ನೆಲ ಸುತ್ತುವರಿದ ನೀರು. ನಮ್ಮವರಲ್ಲೂ ಸುನಿಲ್ ಮಣಿಪುರದವರು, ಅರ್ಜುನ್ ಮನೆ ಇರುವುದು ರೂರ್ಕಿಯಲ್ಲಿ. ಕಡಲು ನೋಡಬೇಕೆಂದರೆ ಇಬ್ಬರೂ ರೈಲು ಹತ್ತಬೇಕು.

ಹಾಗಾದರೆ ಮನೆಬಾಗಿಲಲ್ಲೇ ಅರಬ್ಬಿ ಸಮುದ್ರ ಇಟ್ಟುಕೊಂಡ, ತಲೆತಲಾಂತರದಿಂದ ದೋಣಿ ನಡೆಸಿದ ಪಣಂಬೂರಿನಂಥ ಊರು ಈ ಆಟದ ಭೂಪಟದಲ್ಲಿ ಯಾಕಿಲ್ಲ? ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಯಾಕ್ ಮತ್ತು ಕನೋ ಎರಡೂ ಹುಟ್ಟಿದ್ದು ಹೊಟ್ಟೆಪಾಡಿಗೆ. ಗ್ರೀನ್‌ಲ್ಯಾಂಡ್ ಕಡೆಯ ಇನುಯಿಟ್ ಜನ ಚೌಕಟ್ಟಿನ ಮೇಲೆ ಸೀಲ್ ಪ್ರಾಣಿಯ ಚರ್ಮ ಬಿಗಿದು, ಅದರೊಳಗೆ ಕೂತು ಬೇಟೆಗೆ ಹೋಗುತ್ತಿದ್ದರು. ಅದು ಕಯಾಕ್. ಕೆನಡಾದ ಮೂಲನಿವಾಸಿಗಳು ಬರ್ಚ್ ಮರದ ತೊಗಟೆಯಿಂದ ಮಾಡಿಕೊಂಡದ್ದು ಕನೋ. ಚರ್ಮದ ದೋಣಿ ನಮಗೇನೂ ಹೊಸದಲ್ಲ. ತುಂಗಭದ್ರೆಯಲ್ಲಿ ಜನ ಹರಿಗೋಲು ಹತ್ತಿ ಹೊಳೆ ದಾಟುವುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಸುಮಾರು 500 ವರ್ಷದ ಹಿಂದೆಯೇ ಬರೆದಿಟ್ಟಿದ್ದಾನೆ. ವ್ಯತ್ಯಾಸ ಏನೆಂದರೆ, ನಮ್ಮ ಹರಿಗೋಲು ಹೊಳೆ ದಾಟಿಸುತ್ತಾ ಅಲ್ಲೇ ಉಳಿಯಿತು. ಅವರ ಕಯಾಕ್ ಬೇರೆಯವರ ಕೈ ಸೇರಿ ಆಟವಾಯಿತು.

ಆ ಬೇರೆಯವರು ಯಾರು? ಪೇಟೆಯ ಜನ, ನಮ್ಮ ನಿಮ್ಮಂಥವರು. 1865ರಲ್ಲಿ ಜಾನ್ ಮ್ಯಾಕ್‌ಗ್ರೆಗರ್ ಎಂಬ ಲಂಡನ್ ವಕೀಲ 'ರಾಬ್ ರಾಯ್' ಅಂತ ಹೆಸರಿಟ್ಟ ಪುಟ್ಟ ದೋಣಿಯಲ್ಲಿ ಯುರೋಪಿನ ನದಿಗಳನ್ನೆಲ್ಲ ಸುತ್ತಿ ಬಂದ. ಮರುವರ್ಷ ಅದರ ಬಗ್ಗೆ ಪುಸ್ತಕ ಬರೆದ. ಓದಿದವರಿಗೆಲ್ಲ ದೋಣಿಯ ಹುಚ್ಚು ಹಿಡಿಯಿತು. 20ನೇ ಶತಮಾನದ ಶುರುವಿನಲ್ಲಿ ಜರ್ಮನಿಯಲ್ಲಿ ಮಡಚುವ ಕಯಾಕ್ ಬಂತು. ಚೀಲಕ್ಕೆ ತುಂಬಿಸಿ, ರೈಲು ಹತ್ತಿ, ಭಾನುವಾರ ಹೊಳೆಗಿಳಿಯಬಹುದು. ಈಗ ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ ಹತ್ತಿ ಸಾಲಿಗ್ರಾಮದ ಕಾಂಡ್ಲಾ ಕಾಡಿನ ನಡುವೆ ಕಯಾಕಿಂಗ್‌ಗೆ ಹೋಗುವವರ ಪೂರ್ವಜರು ಇವರೇ ಅನ್ನಬಹುದು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದು ಪ್ರದರ್ಶನ ಪಂದ್ಯ. 1936ರ ಬರ್ಲಿನ್‌ನಲ್ಲಿ ಅಧಿಕೃತ ಸ್ಪರ್ಧೆ. ಅಲ್ಲಿ ಮಡಚುವ ಕಯಾಕ್‌ಗಳಿಗೆ ಬೇರೆಯೇ 10,000 ಮೀಟರ್ ಪಂದ್ಯವೂ ಇತ್ತು.

ಹವ್ಯಾಸ ಒಮ್ಮೆ ಒಲಿಂಪಿಕ್ಸ್ ಸೇರಿತು ಅಂದರೆ ಸರ್ಕಾರಗಳೂ ಬರುತ್ತವೆ. ಯುದ್ಧದ ನಂತರ ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ, ಹಂಗೇರಿಗಳಲ್ಲಿ ಚಿಕ್ಕ ವಯಸ್ಸಿನಲ್ಲೇ ಮಕ್ಕಳನ್ನು ಆರಿಸಿ ಪಳಗಿಸುವ ಪದ್ಧತಿ ಬೆಳೆಯಿತು. ಪೂರ್ವ ಜರ್ಮನಿಯಲ್ಲಿ ಹಾಗೆ ಬೆಳೆದ ಬಿರ್ಗಿಟ್ ಫಿಶರ್ 1980ರಿಂದ 2004ರವರೆಗೆ ಎಂಟು ಒಲಿಂಪಿಕ್ ಚಿನ್ನ ಗೆದ್ದರು. ಹಂಗೇರಿಯ ದಾನುಟಾ ಕೊಜಾಕ್ ಆರು ಗೆದ್ದರು. ಹಂಗೇರಿಗೂ ಕಡಲಿಲ್ಲ. ಉಜ್ಬೇಕಿಸ್ತಾನ, ಕಜಾಕಿಸ್ತಾನಗಳಿಗೆ ಈ ಆಟ ಬಂದದ್ದು ಸೋವಿಯತ್ ಕಾಲದ ಬಳುವಳಿಯಾಗಿ.

ಗುಟ್ಟು ಇರುವುದು ಇಲ್ಲೇ. ಸ್ಪ್ರಿಂಟ್ ಕನೋಯಿಂಗ್‌ಗೆ ಕಡಲು ಬೇಡ, ಕಡಲಿದ್ದರೆ ಕಷ್ಟವೇ. ಇಬ್ಬರ ಕನೋ ಆರೂವರೆ ಮೀಟರ್ ಉದ್ದ, 20 ಕೆಜಿ ತೂಕ. ಒಂದು ಮೊಣಕಾಲೂರಿ ಕೂತು ಒಬ್ಬ ಎಡಕ್ಕೆ, ಇನ್ನೊಬ್ಬ ಬಲಕ್ಕೆ ಹುಟ್ಟು ಹಾಕಬೇಕು. ಚುಕ್ಕಾಣಿ ಇಲ್ಲ, ಹುಟ್ಟಿನಲ್ಲೇ ದಿಕ್ಕು ಹಿಡಿಯಬೇಕು. ಸಣ್ಣ ಅಲೆಗೂ ಮಗುಚುವ ಈ ದೋಣಿಗೆ ಬೇಕಾದ್ದು ಕದಡದ, ನೇರವಾದ ಒಂದು ಕಿಲೋಮೀಟರ್ ನೀರು. ಆಮೇಲೆ ಒಂದು ದೋಣಿಮನೆ, ಒಬ್ಬ ಕೋಚ್, ಮತ್ತೆ ಹತ್ತು ವರ್ಷದ ತಾಳ್ಮೆ. ಗ್ವಾಲಿಯರ್‌ನ ಪ್ರಾಚಿ ಯಾದವ್ ಅಭ್ಯಾಸ ಮಾಡಿದ್ದು ಭೋಪಾಲದ ಛೋಟಾ ತಾಲಾಬ್‌ನಲ್ಲಿ, ಅಂದರೆ ಊರ ಮಧ್ಯದ ಕೆರೆಯಲ್ಲಿ. ಟೋಕಿಯೊ ಪ್ಯಾರಾಲಿಂಪಿಕ್ಸ್ ಫೈನಲ್ ತಲುಪಿದ ಆಕೆ, ಹಾಂಗ್‌ಝೌ ಪ್ಯಾರಾ ಗೇಮ್ಸ್‌ನಲ್ಲಿ ಚಿನ್ನವನ್ನೇ ತಂದರು.

ಈಗ ಪಣಂಬೂರಿಗೆ ಬನ್ನಿ. ಇಲ್ಲಿಯ ದೋಣಿವಿದ್ಯೆ ಬೇರೆ ಥರದ್ದು. ಈ ಕರಾವಳಿಯ ಮೊಗವೀರರ ರಂಪಣಿ ಮೀನುಗಾರಿಕೆಯನ್ನೇ ನೋಡಿ. ದೋಣಿ ತೆರೆ ಸೀಳಿಕೊಂಡು ಹೋಗಿ, ಅರ್ಧಚಂದ್ರಾಕಾರಕ್ಕೆ ಬಲೆ ಬಿಡುತ್ತಾ ಮತ್ತೆ ದಡಕ್ಕೆ ಬರಬೇಕು. ಆಮೇಲೆ ಹತ್ತಾರು ಜನ ಎರಡೂ ತುದಿ ಹಿಡಿದು ಎಳೆಯಬೇಕು. ಬಂಗುಡೆ, ಬೂತಾಯಿ ಸಿಕ್ಕಿದ್ದು ಎಲ್ಲರಿಗೂ ಪಾಲು. ಯಾವ ತೆರೆಗೆ ಕಾಯಬೇಕು, ಯಾವುದರ ಬೆನ್ನಿಗೆ ಹುಟ್ಟು ಹಾಕಬೇಕು ಅನ್ನುವ ಲೆಕ್ಕ ಮೈಯಲ್ಲೇ ಇರಬೇಕು. ಎಲ್ಲರ ಹುಟ್ಟೂ ಒಂದೇ ಏಟಿಗೆ ನೀರಿಗೆ ಬೀಳಬೇಕು. ಕನೋ ಕೋಚ್‌ಗಳು ವರ್ಷಗಟ್ಟಲೆ ಕಲಿಸುವುದೂ ಇದನ್ನೇ ಅಲ್ವಾ? 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಎಂಜಿನ್ ಬಂದ ಮೇಲೆ ತೋಳಿಗೆ ಕೆಲಸ ಕಮ್ಮಿಯಾಯಿತು. ಅದರಿಂದ ಮೈ ಹಗುರಾದವರೂ ಇದ್ದಾರೆ, ಸುಮ್ಮನೆ ಹಳಹಳಿಸಬೇಕಿಲ್ಲ. ಆದರೆ ಆ ತಾಳ ಇನ್ನೊಂದು ರೂಪಕ್ಕೆ ದಾಟುವ ಮುಂಚೆಯೇ ಅಳಿಯತೊಡಗಿತು.

ಅದೇ ಹೊತ್ತಿಗೆ ಪಣಂಬೂರಿನ ನಕ್ಷೆಯೇ ಬದಲಾಯಿತು. ಮಂಗಳೂರಿನ ಹಳೆ ಬಂದರು ಇದ್ದದ್ದು ನದಿಯ ಅಳಿವೆಯೊಳಗೆ. ಅಲ್ಲಿ ನೀರು ಆಳವಿಲ್ಲ, ದೊಡ್ಡ ಹಡಗು ಒಳಗೆ ಬರುವಂತಿಲ್ಲ, ಮಳೆಗಾಲದಲ್ಲಿ ವ್ಯವಹಾರ ಬಂದ್. ಸರ್ವಋತು ಬಂದರು ಬೇಕೆಂದು ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು ದಿಲ್ಲಿಯಲ್ಲಿ ಹಟ ಹಿಡಿದರು. ಅದು ಮುಗಿಯುವುದನ್ನು ನೋಡಲು ಅವರಿರಲಿಲ್ಲ, 1965ರಲ್ಲೇ ತೀರಿಕೊಂಡರು. ಪಣಂಬೂರಿನಲ್ಲಿ ನೆಲ ಅಗೆದು, ಕಡಲನ್ನು ಒಳಗೆ ಕರೆದು, ಕೃತಕ ಲಗೂನ್ ಬಂದರು ಕಟ್ಟಲಾಯಿತು. 1974ರ ಮೇ 4ರಂದು ಅದು ದೇಶದ ಒಂಬತ್ತನೇ ಪ್ರಮುಖ ಬಂದರೆಂದು ಘೋಷಣೆಯಾಯಿತು. 1975ರ ಜನವರಿ 11ರಂದು ಇಂದಿರಾ ಗಾಂಧಿ ಉದ್ಘಾಟಿಸಿದರು. ಬಂದರಿಗಾಗಿ ಮನೆ ಬಿಟ್ಟ ಅನೇಕರಿಗೆ ಸಿಕ್ಕ ಜಾಗ ಕಡಲಿನಿಂದ ಒಳಗಿರುವ ಕಾಟಿಪಳ್ಳ.

ಅಂದರೆ ಅಲೆಯಿಲ್ಲದ ನೀರು ಪಣಂಬೂರಿಗೆ ಬಂದೇ ಬಂತು. ಆದರೆ ಅದು ಬಂದರಿನ ಕಾಂಪೌಂಡಿನ ಒಳಗೆ, ಹಡಗುಗಳಿಗಾಗಿ. ಊರಿನವರಿಗೆ ಉಳಿದದ್ದು ಹೊರಗಿನ ಅಲೆಯ ಕಡಲು. ಆ ಅಲೆಗೆ ತಕ್ಕ ಆಟ ಈಗ ಬಂದಿದೆ ಅನ್ನಿ. 2022ರ ಮೇ ಕೊನೆಯಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದು ಇದೇ ಪಣಂಬೂರು ಬೀಚಿನಲ್ಲಿ. 2026ರ ಏಷ್ಯನ್ ಗೇಮ್ಸ್‌ನ ಪಟ್ಟಿಗೆ ಸರ್ಫಿಂಗ್ ಕೂಡ ಸೇರಿದೆ.

ಕನೋಯಿಂಗ್ ವಿಷಯದಲ್ಲಿ ಮಾತ್ರ ನನಗೆ ಮತ್ತೆ ಮತ್ತೆ ನೆನಪಾಗುವುದು ಸುನಿಲ್ ಸಿಂಗ್. ಅವರ ಅಪ್ಪ ಮೀನುಗಾರ. ಊರು ಲೋಕ್ತಾಕ್ ಸರೋವರದ ಪಕ್ಕದ ಮೊಯಿರಾಂಗ್. 1865ರಿಂದ ಈ ಆಟದ ಕಥೆಯಲ್ಲಿ ದೋಣಿ ಬೇಟೆಗಾರ, ಬೆಸ್ತರ ಕೈಯಿಂದ ಪೇಟೆಯವರ ಕೈಗೆ, ಅಲ್ಲಿಂದ ಸರ್ಕಾರದ ಕೈಗೆ ಹೋಯಿತು. ಹಾಂಗ್‌ಝೌನಲ್ಲಿ ಒಂದು ದೋಣಿಯ ಮಟ್ಟಿಗಾದರೂ ಮೀನುಗಾರನ ಮಗನ ಕೈಗೆ ವಾಪಸ್ ಬಂತು. ಅವರಿಗೆ ಸರೋವರವೂ ಇತ್ತು, ಕಲಿಸುವವರೂ ಸಿಕ್ಕರು.

ಪಣಂಬೂರಿನಿಂದ ತಣ್ಣೀರುಬಾವಿ ಕಡೆ ಹೋಗುವಾಗ ಬಲಕ್ಕೆ ಕಡಲು, ಎಡಕ್ಕೆ ಗುರುಪುರ ಹೊಳೆ. ಕೂಳೂರು ಸೇತುವೆ ದಾಟಿದ ಹೊಳೆ ನೇರವಾಗಿ ಕಡಲಿಗೆ ಬೀಳುವುದಿಲ್ಲ. ದಕ್ಷಿಣಕ್ಕೆ ತಿರುಗಿ, ಮರಳ ದಿಬ್ಬದ ಮರೆಯಲ್ಲಿ ಕಡಲಿಗೆ ಸಮಾನಾಂತರವಾಗಿ ಕಿಲೋಮೀಟರುಗಟ್ಟಲೆ ಹರಿದು, ಬೆಂಗ್ರೆಯ ಹತ್ತಿರ ನೇತ್ರಾವತಿಯನ್ನು ಕೂಡುತ್ತದೆ. ಕಡಲಿನ ಅಲೆ ಅಲ್ಲಿಗೆ ಮುಟ್ಟುವುದಿಲ್ಲ. ಕನೋ ಸ್ಪರ್ಧೆಗೆ ಬೇಕಾದ್ದು ಒಂದೇ ಕಿಲೋಮೀಟರು.